ದೊಡ್ಡಪ್ಪ ಗಡಿಪಾರು ಮಾಡಿದ ಅಕ್ಷರಗಳು

ನಮ್ಮ ದೊಡ್ಡಪ್ಪನಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪೂರ್ತಿ ಕಥೆ ಕೇಳಿದ ಮೇಲೆ ಹೇಳಿದರೆ ನೀವು ಖಂಡಿತ ನಂಬುವುದಿಲ್ಲ. ತಲೆ ಕೆಟ್ಟಿದ್ದು ನನಗೆ! ತಿಪಟೂರಿನ ಹೈಸ್ಕೂಲೊಂದರಲ್ಲಿ ಹದಿನೆಂಟು ವರ್ಷದಿಂದ ಕನ್ನಡ ಪಾಠ ಮಾಡುತ್ತಿರುವ ನಾನು, ದೊಡ್ಡಪ್ಪನ ಮನೆ ಜಗಲಿಯಲ್ಲಿ ಒಂದು ಭಾನುವಾರ ಕೂತು ಎದ್ದು ಬಂದ ಮೇಲೆ, ಸೋಮವಾರ ಬೋರ್ಡಿನ ಮೇಲೆ 'ಸಂಧಿ' ಎಂದು ಬರೆಯಲು ಹೋಗಿ ಕೈ ತಡೆದು ನಿಂತೆ. ಈ 'ಸ' ನಿಜಕ್ಕೂ ಬೇಕಾ? ಮಕ್ಕಳು ಮೇಡಮ್ಮಿಗೆ ಬಿಪಿ ಬಂದಿದೆ ಎಂದುಕೊಂಡು ನೀರು ತಂದುಕೊಟ್ಟರು.

ಎಲ್ಲಾ ಶುರುವಾದದ್ದು ದೊಡ್ಡಮ್ಮನ ಒಂದು ಫೋನಿನಿಂದ. ಇವರಿಬ್ಬರೂ ಇರುವುದು ದಬ್ಬೇಘಟ್ಟದ ಹತ್ತಿರದ ಹಳ್ಳಿಯಲ್ಲಿ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಎರಡು ಹಸು, ಒಂದು ಟಿವಿ, ಎಲ್ಲವೂ ಒಟ್ಟಿಗೇ ಕೂಗುವ ತುಂಬಿದ ಮನೆ. ಆ ಗದ್ದಲದ ಮಧ್ಯದಿಂದ ದೊಡ್ಡಮ್ಮನ ಗಂಟಲು ಬಂತು. "ಏನೇ, ನೀನು ಕನ್ನಡ ಮೇಡಮ್ಮು ತಾನೆ? ಬಂದು ನಿಮ್ಮ ದೊಡ್ಡಪ್ಪಂಗೆ ಬುದ್ಧಿ ಹೇಳು. ಕನ್ನಡ ಸಾಲ್ದಂತೆ ಅವ್ರಿಗೆ. ಹೊಸಾ ಭಾಷೆ ಮಾಡ್ತಾವ್ರೆ!"

ಭಾಷೆ ಮಾಡುವುದು ಎಂದರೇನು? ಮಾಡಲಿಕ್ಕೆ ಅದೇನು ಉಪ್ಪಿಟ್ಟೇ? ನನಗೆ ಅರ್ಥವಾಗಲಿಲ್ಲ. ತುರುವೇಕೆರೆಯಲ್ಲಿ ಬಸ್ಸು ಬದಲಾಯಿಸಿಕೊಂಡು ಹೋದೆ.

ದೊಡ್ಡಪ್ಪ ಆ ಕಡೆಯಲ್ಲೆಲ್ಲ ಹೆಸರುವಾಸಿ. ಅವರಿಗಿದ್ದ ಬಿರುದು 'ಕಾಯಿ ನೋಡೋ ಯಜಮಾನ್ರು'. ನೋಡುವುದು ಎಂದು ಹೆಸರೇ ಹೊರತು ಅವರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಸುಮಾರು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡರೆ ಅಲ್ಲಾಡಿಸಿದಾಗ ಗುಡುಗುಡು ಎನ್ನುತ್ತದೆ. ಯಾರ ಅಟ್ಟ ಹಣ್ಣಾಗಿದೆ, ಯಾರದಕ್ಕೆ ಇನ್ನೂ ಒಂದು ತಿಂಗಳು ಬೇಕು ಎಂದು ದೊಡ್ಡಪ್ಪ ನಾಲ್ಕು ಕಾಯಿ ಕಿವಿ ಹತ್ತಿರ ಹಿಡಿದು ಹೇಳಿಬಿಡುತ್ತಿದ್ದರು. ಅವರು "ಇಳಿಸ್ರಪ್ಪ" ಎಂದ ಮೇಲೇ ಸುತ್ತಮುತ್ತಲಿನವರು ಕಾಯಿ ಇಳಿಸುತ್ತಿದ್ದುದು. ಇಂಥ ಮನುಷ್ಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು, ಮೊಮ್ಮಗನ ಹಳೇ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದರು. ನನ್ನನ್ನು ಕಂಡವರೇ ಮುಖ ಅರಳಿಸಿಕೊಂಡು, "ಊಮ ನಾಲೊ?" ಎಂದರು.

ಇನ್ಯಾರಿಗೋ ಹೇಳುತ್ತಿದ್ದಾರೇನೋ ಎಂದು ನಾನು ಹಿಂದೆ ತಿರುಗಿ ನೋಡಿದೆ.

"ನೀರು ಬೇಕಾ ಅಂತ ಕೇಳ್ದೆ ಕಣಮ್ಮ. ಊಮ ಅಂದ್ರೆ ನೀರು."

"ನೀರು ಅಂದ್ರೇ ನೀರಲ್ವಾ ದೊಡ್ಡಪ್ಪ?"

"ಅದ್ರಲ್ಲಿ 'ನೀ' ಅಂತ ಐತಲ್ಲ, 'ಈ'ಕಾರ. ಅದು ನಮ್ಮಲ್ಲಿ ನಡಿಯಕ್ಕಿಲ್ಲ."

ಯಾಕೆ ನಡೆಯುವುದಿಲ್ಲ? 'ಈ' ಪಾಪ ಏನು ಮಾಡಿತು? ನಾನು ಬ್ಯಾಗು ಕೆಳಗಿಟ್ಟು ಕೂತೆ. ಅವರು ವರ್ಣಮಾಲೆಯನ್ನು ನನ್ನ ಮುಂದೆ ಇಟ್ಟು, ಕೊಬ್ಬರಿ ಹೆಕ್ಕುವವರಂತೆ ಹೆಕ್ಕಲು ಶುರುಮಾಡಿದರು. ಇದು ಇರಲಿ, ಇದು ಆಚೆಗೆ. ಮ ಇರಲಿ, ನ ಇರಲಿ. ಬ ಇರಲಿ, ಪ ಆಚೆಗೆ. ಗ, ಡ ಇರಲಿ, ಕ ಆಚೆಗೆ. ಸ, ಶ, ಷ ಮೂವರೂ ಅಣ್ಣತಮ್ಮಂದಿರಂತೆ ಒಟ್ಟಿಗೆ ಗಡಿಪಾರು. ಚ, ತ, ಟ, ಹ ಎಲ್ಲಕ್ಕೂ ಅದೇ ಗತಿ. ಸ್ವರಗಳಲ್ಲಿ ಅ, ಆ, ಉ, ಊ, ಒ, ಓ ಮಾತ್ರ ಒಳಗೆ. 'ರ'ಕ್ಕೆ ಇನ್ನೂ ತೀರ್ಮಾನವಾಗಿಲ್ಲ, ವಿಚಾರಣೆ ನಡೆಯುತ್ತಿದೆಯಂತೆ!

ನಾನು ಸುಮ್ಮನಿರುವವಳಲ್ಲ, ವ್ಯಾಕರಣ ಕಲಿಸುವವಳು. ಓಹೋ, ವರ್ಗದ ಮೂರನೇ ಮತ್ತು ಐದನೇ ಅಕ್ಷರ ಮಾತ್ರ ಇಟ್ಟುಕೊಳ್ಳುತ್ತಿದ್ದಾರೆ ಎಂದು ಒಂದು ಸೂತ್ರ ಹಿಡಿದೆ. ಗ, ಡ, ಬ, ನ, ಮ, ಸರಿಹೋಯಿತಲ್ಲ! ಹೆಮ್ಮೆಯಿಂದ, "ಹಾಗಾದ್ರೆ 'ಜ' ಇರುತ್ತೆ" ಎಂದೆ.

"ಜಾ ಇಲ್ಲ. ಅದು ಅರ್ಧ ಒಣಗಿರೋದು."

"ಅಕ್ಷರ ಒಣಗೋದು ಅಂದ್ರೆ?"

"ಸಾನೂ ಅಂಗೇ. ಅದು ಬರೀ ಗಾಳಿ ಕಣಮ್ಮ. ಒಳಗೆ ತಿರುಳೇ ಇಲ್ಲ."

ಸೂತ್ರ ಬಿದ್ದುಹೋಯಿತು. ಇನ್ನೊಂದು ವಿಚಿತ್ರ, ನಾನು ಮಾತಾಡುವಷ್ಟು ಹೊತ್ತೂ ಅವರು ನನ್ನ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಹಲ್ಲಿನಲ್ಲಿ ಕೊತ್ತಂಬರಿ ಸೊಪ್ಪು ಸಿಕ್ಕಿಕೊಂಡಿದೆಯೇನೋ ಎಂದು ಎರಡು ಸಲ ಬಚ್ಚಲಿಗೆ ಹೋಗಿ ಕನ್ನಡಿ ನೋಡಿಕೊಂಡು ಬಂದೆ. ಏನೂ ಇರಲಿಲ್ಲ.

ಕಾಗುಣಿತವಂತೂ ಕೇಳಲೇಬೇಡಿ. ಒತ್ತಕ್ಷರ ನಿಷೇಧ. "ಒಬ್ಬನ ಕಾಲ್ಗೆ ಇನ್ನೊಬ್ಬ ನೇತಾಕ್ಕೊಂಡ್ರೆ ಇಬ್ರೂ ಸಿಕ್ಕಕ್ಕಿಲ್ಲ" ಎಂಬುದು ಕಾರಣ. ಅಕ್ಷರಗಳ ಗಾತ್ರವೂ ಒಂದೇ ಸಮ ಇಲ್ಲ. 'ಮ', 'ಬ' ಅಂಗೈ ಅಗಲ ಬರೆಯಬೇಕು, 'ಗ', 'ಡ' ಅದಕ್ಕಿಂತ ಚಿಕ್ಕದು, 'ಳ' ಮೂಲೆಯಲ್ಲಿ ಇರುವೆಯ ಹಾಗೆ. ನಾನು ಇಷ್ಟು ವರ್ಷ ಮಕ್ಕಳಿಗೆ "ದುಂಡಗೆ, ಒಂದೇ ಸಮ ಬರೀರಿ" ಎಂದು ಬೈದು ಬೈದು ಗಂಟಲು ಕೆಡಿಸಿಕೊಂಡವಳು. ಆ ನೋಟ್‌ಬುಕ್ ನೋಡಿ ನನ್ನ ಕೆಂಪು ಪೆನ್ನು ತಾನಾಗಿಯೇ ನಡುಗಿತು. ಅಡುಗೆಮನೆಯ ಡಬ್ಬಿಗಳ ಮೇಲೂ ಇದೇ ಲಿಪಿಯ ಚೀಟಿ ಅಂಟಿಸಿಬಿಟ್ಟಿದ್ದರು. ಅಂದು ಸಂಜೆ ಎಲ್ಲರಿಗೂ ನಾನೇ ಕಾಫಿ ಮಾಡಿದೆ, ಉಪ್ಪು ಹಾಕಿ. ಕನ್ನಡದಲ್ಲಿ ಎಂ.ಎ. ಮಾಡಿದವಳಿಗೆ ಉಪ್ಪಿನ ಡಬ್ಬಿ ಓದಲು ಬರಲಿಲ್ಲ ಎಂದು ದೊಡ್ಡಮ್ಮ ಊರಿಗೆಲ್ಲ ಹೇಳಿಕೊಂಡು ಬಂದರು.

"ಇಷ್ಟೆಲ್ಲಾ ಯಾತಕ್ಕೆ ದೊಡ್ಡಪ್ಪ? ಯಾರ ಜೊತೆ ಮಾತಾಡ್ತೀರಿ ಇದ್ರಲ್ಲಿ?" ಎಂದು ಕೇಳಿದೆ.

ಅವರು ನೋಟ್‌ಬುಕ್ ಮುಚ್ಚಿ ಅಡುಗೆಮನೆ ಕಡೆ ತಿರುಗಿದರು. "ಒಬ್ರೇ ಮಾತಾಡಿದ್ರೆ ಅದು ಗೊಣಗಾಟ. ಇಬ್ರು ಮಾತಾಡಿದ್ರೆ ಭಾಷೆ. ಊರೆಲ್ಲಾ ಕಲೀಲಿ ಅಂತಿಲ್ಲ ನಾನು. ನಿಮ್ಮ ದೊಡ್ಡಮ್ಮ ಒಂದೇ ಒಂದ್ಸಲ ತಿರುಗಿ ಮಾತಾಡ್ಲಿ. ಅಷ್ಟೇ ಬೇಕಾಗಿರೋದು."

ಅಷ್ಟೇ! ದೊಡ್ಡಮ್ಮನಿಂದ ಅದನ್ನು ಹೊರಡಿಸುವುದಕ್ಕಿಂತ ಕಲ್ಲಿನಿಂದ ಎಣ್ಣೆ ತೆಗೆಯುವುದು ಸುಲಭ. ಅಡುಗೆಮನೆಗೆ ಹೋಗಿ ಮೆಲ್ಲಗೆ ಪ್ರಸ್ತಾಪ ಮಾಡಿದೆ. ಅವರು ಸೌಟು ಹಿಡಿದುಕೊಂಡೇ ತಿರುಗಿದರು.

"ಕನ್ನಡದಲ್ಲಿ ಮಾತಾಡಿ ಮಾತಾಡಿ ಸಾಕಾಯ್ತು ಕಣೇ. ಮೊದಮೊದ್ಲು ಚೆನ್ನಾಗೇ ಇದ್ರು. ಈಗೀಗ ನಾನು ಏನಂದ್ರೂ ಉತ್ತರಾನೇ ಇಲ್ಲ. ಹೂಂ ಅಂತಾರೆ, ಎದ್ದು ತೋಟಕ್ಕೆ ಹೋಯ್ತಾರೆ. ಆಚೆಮನೆಯೋರ ಅಟ್ಟದಲ್ಲಿ ಕಾಯೊಳಗೆ ಕೊಬ್ಬರಿ ಅಲ್ಲಾಡೋದು ಕೇಳ್ತದೆ, ಮಗ್ಗುಲಲ್ಲಿ ಹೆಂಡ್ತಿ ಕೂಗೋದು ಕೇಳಕ್ಕಿಲ್ಲ! ಕೇಳಿದ ಭಾಷೇಲೇ ಉತ್ತರ ಕೊಡ್ದೋರಿಗೆ ನಾನು ಹೊಸಾ ಭಾಷೆ ಬೇರೆ ಕಲೀಬೇಕಾ? ಸತ್ರೂ ಕಲಿಯಲ್ಲ, ಬುಡು."

ಅವರ ಪಕ್ಷ ಕೇಳಿದಾಗ ಅವರದೇ ಸರಿ, ಇವರ ಪಕ್ಷ ಕೇಳಿದಾಗ ಇವರದೇ ಸರಿ ಎನಿಸಿ, ಉಪ್ಪುಕಾಫಿ ಕುಡಿದವರ ಮುಖ ಮಾಡಿಕೊಂಡು ತಿಪಟೂರಿಗೆ ವಾಪಸ್ಸು ಬಂದೆ. ಆದರೆ ತಿಂಗಳಿಗೊಮ್ಮೆ ಹೋಗುವುದು ರೂಢಿಯಾಯಿತು. ನಾನು ಸೋತೆ ಎಂದು ಒಪ್ಪಿಕೊಳ್ಳುವ ಜಾತಿಯವಳಲ್ಲ. ಆ ಅಕ್ಷರಗಳನ್ನು ಯಾವ ಲೆಕ್ಕದಲ್ಲಿ ಹೆಕ್ಕಿದರು ಎಂದು ತಿಳಿಯಲೇಬೇಕಿತ್ತು. ಗಡಿಪಾರಾದವುಗಳ ಪಟ್ಟಿಯೊಂದನ್ನು ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ.

ಒಂದು ಸಲ ಹೋದಾಗ ದೊಡ್ಡಪ್ಪ ಏಣಿ ಹಾಕಿಕೊಂಡು ಅಟ್ಟ ಹತ್ತಿದ್ದರು. ಕೈಯಲ್ಲಿ ಬ್ರಷ್ಷು, ಕೆಂಪು ಬಣ್ಣದ ಡಬ್ಬಿ. ಹೊಸದಾಗಿ ಹಾಕಿದ ಕಾಯಿಗಳ ಮೇಲೆ ಒಂದೊಂದರಲ್ಲೂ ಒಂದೊಂದು ಪದ ಬರೆಯುತ್ತಿದ್ದರು. ಹಸೀ ಪದವನ್ನು ನಂಬಬಾರದಂತೆ! ಇವತ್ತು ಹುಟ್ಟಿದ ಪದ ಹನ್ನೊಂದು ತಿಂಗಳು ಅಟ್ಟದಲ್ಲಿ ಕೂರಬೇಕು. ಆಮೇಲೆ ಕಾಯಿ ಗುಡುಗುಡು ಎಂದರೆ ಆ ಪದ ಭಾಷೆಗೆ ಸೇರಿತು. ಕಾಯಿ ಕೊಳೆತರೆ ಪದವೂ ಸತ್ತಿತು.

"ಕಾಯಿ ಕೊಳೆಯೋಕೂ ಪದಕ್ಕೂ ಏನು ಸಂಬಂಧ ದೊಡ್ಡಪ್ಪ?"

"ನಿಮ್ಮ ಶಾಲೇಲಿ ಪರೀಕ್ಷೆ ಮಾಡಲ್ವಾ? ಅಂಗೇ ಇದೂ."

ಹಿಂದಿನ ವರ್ಷದ ಪರೀಕ್ಷೆಯಲ್ಲಿ 'ಅನ್ನ'ಕ್ಕೆ ಇಟ್ಟಿದ್ದ ಪದ ಕೊಳೆತು ಹೋಗಿತ್ತಂತೆ. ಹಾಗಾಗಿ ಅವರ ಭಾಷೆಯಲ್ಲಿ ಅನ್ನ ಎನ್ನಲು ಏನೂ ಇಲ್ಲ, ಮುಂದಿನ ವರ್ಷದವರೆಗೆ ಬೆರಳು ತೋರಿಸಿಯೇ ಬಡಿಸಿಕೊಳ್ಳಬೇಕು. ಬಸ್ಸಿಗೆ ಮಾತ್ರ 'ಲೊಂಬು' ಎಂಬ ಪದ ಪಾಸಾಗಿತ್ತು. ನನಗೂ ಅದು ಹಿಡಿಸಿತು, ನಮ್ಮ ಕಡೆಯ ಬಸ್ಸುಗಳನ್ನು ಹತ್ತಿದವರಿಗೆ ಅದು ಎಷ್ಟು ಸರಿಯಾದ ಪದ ಎಂದು ಗೊತ್ತಾಗುತ್ತದೆ.

ಹನ್ನೊಂದು ತಿಂಗಳು ಕಳೆಯಿತು. ಇಷ್ಟು ದಿನ ಕಾದ ಪದಗಳು ಪಾಸಾಗುವ ವಾರದಲ್ಲೇ ಅನಾಹುತ ಆಯಿತು. ದೊಡ್ಡಪ್ಪ ಯಾವುದೋ ಮದುವೆಗೆಂದು ಹುಳಿಯಾರಿಗೆ ಹೋದ ದಿನ ಮಗ ಅಟ್ಟ ಇಳಿಸಿದ. ಕಾಯಿ ಸುಲಿಯುವ ಮಂಜಣ್ಣ ಬಂದು ಮಧ್ಯಾಹ್ನದೊಳಗೆ ಎಲ್ಲಾ ಸುಲಿದು ಹಾಕಿದ. ಸಿಪ್ಪೆ ಟ್ರ್ಯಾಕ್ಟರಿಗೆ ಏರಿ ನಾರಿನ ಫ್ಯಾಕ್ಟರಿಗೆ ಹೊರಟಿತು. ಕಾಯಿ ಉಳಿಯಿತು, ಪದಗಳು ಹೊರಟುಹೋದವು! ವಾಪಸ್ಸು ಬಂದ ದೊಡ್ಡಪ್ಪ ಮದುವೆಯ ಪಂಚೆಯಲ್ಲೇ ಮೊಪೆಡ್ ಹತ್ತಿ ಟ್ರ್ಯಾಕ್ಟರಿನ ಬೆನ್ನು ಹತ್ತಿದರು. ಹಿಂದಿನ ಸೀಟಿನಲ್ಲಿ, ಆ ತಿಂಗಳ ಭೇಟಿಗೆಂದು ಬಂದಿದ್ದ ನಾನು. ಯಾಕೆ ಹತ್ತಿದೆನೋ ನನಗೆ ಈಗಲೂ ತಿಳಿಯದು. ಫ್ಯಾಕ್ಟರಿಯ ಗುಡ್ಡೆಯಂಥ ಸಿಪ್ಪೆ ರಾಶಿಯ ಮುಂದೆ, ಟ್ರ್ಯಾಕ್ಟರಿನ ಜೊತೆಗೇ ಬಂದಿದ್ದ ಮಂಜಣ್ಣ ತಲೆ ಕೆರೆದುಕೊಂಡು ನಿಂತ.

"ಯಜಮಾನ್ರೇ, ನಂಗೇನ್ ಗೊತ್ತು? ಗುರ್ತಿಗೆ ಬಣ್ಣ ಬಳ್ದವ್ರೆ ಅನ್ಕಂಡೆ. ಓದಕ್ಕೆ ಬತ್ತಿರಲಿಲ್ಲ."

"ನಿಂಗೆ ಕನ್ನಡ ಓದಕ್ಕೆ ಬತ್ತದಲ್ಲೋ!"

"ಕನ್ನಡ ಬತ್ತದೆ. ಅದ್ರಲ್ಲಿ ಕನ್ನಡ ಎಲ್ಲಿತ್ತು ಸ್ವಾಮಿ?"

ಕತ್ತಲಾಗುವ ಮೊದಲು ಹುಡುಕಿ ಹುಡುಕಿ ಎಂಟು ಪದ ಸಿಕ್ಕಿತು. ಸಿಕ್ಕ ಸಿಪ್ಪೆ ತುಂಡುಗಳನ್ನು ದೊಡ್ಡಪ್ಪ ಪಂಚೆಯ ತುದಿಗೆ ಕಟ್ಟಿಕೊಂಡರು. ಉಳಿದವು ಯಾವ ಊರಿನ ಹಗ್ಗವಾಗಿ ಯಾವ ಹಸುವನ್ನು ಕಟ್ಟಿದವೋ ದೇವರೇ ಬಲ್ಲ. ಮೊಪೆಡ್ಡಿನಲ್ಲಿ ವಾಪಸ್ಸು ಹೊರಟೆವು. ನಗು ತಡೆಯುತ್ತಿದ್ದ ನನಗೆ ಅವರ ಬೆನ್ನು ನೋಡಿ ಯಾಕೋ ನಗಲು ಆಗಲಿಲ್ಲ.

ಇದಾಗಿ ಹದಿನೈದು ದಿನಕ್ಕೆ ನನ್ನ ಗಂಟಲು ಪೂರ್ತಿ ಕಟ್ಟಿಹೋಯಿತು. ಮೇಷ್ಟ್ರುಗಳ ಕಾಯಿಲೆ. ತಿಪಟೂರಿನಲ್ಲೇ ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಹೋದೆ. ಅಂದು ಕೊಬ್ಬರಿ ಮಾರ್ಕೆಟ್ಟಿಗೆ ಬಂದಿದ್ದ ದೊಡ್ಡಪ್ಪನೂ ಜೊತೆಗೆ ಬಂದರು. ನನಗೆ ನಾಲ್ಕು ದಿನ ಬಾಯಿ ಮುಚ್ಚಿಕೊಂಡಿರಿ ಎಂದು ಹೇಳಿದ ಡಾಕ್ಟರು, ಹಿಂದಿನಿಂದ ದೊಡ್ಡಪ್ಪನನ್ನು, "ಯಜಮಾನ್ರು ಚೆನ್ನಾಗಿದೀರಾ?" ಎಂದು ಕೇಳಿದರು. ಗೋಡೆಯ ಮೇಲಿದ್ದ ಕಿವಿಯ ಚಿತ್ರವನ್ನು ನೋಡುತ್ತಾ ನಿಂತಿದ್ದ ದೊಡ್ಡಪ್ಪ ಅಲ್ಲಾಡಲಿಲ್ಲ. ಡಾಕ್ಟರು ಇನ್ನೊಮ್ಮೆ ಕೇಳಿದರು. ದೊಡ್ಡಪ್ಪ ಚಿತ್ರ ತೋರಿಸಿ, "ಕಾಯಿ ಒಡೆದಂಗೇ ಐತಲ್ಲಮ್ಮ ಒಳಗಡೆ!" ಎಂದು ನನಗೆ ಹೇಳಿದರು.

ಡಾಕ್ಟರು ಅವರನ್ನು ಹಿಡಿದು ಕೂರಿಸಿ, ಕಿವಿಗೆ ಡಬ್ಬಿ ಹಾಕಿ, ಕೈಗೆ ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಮೊದಲು ಪಟಪಟ ಒತ್ತಿದರು. ಆಮೇಲೆ ಕೈ ನಿಂತುಹೋಯಿತು. ಡಾಕ್ಟರು ಯಂತ್ರ ತಿರುಗಿಸುತ್ತಲೇ ಇದ್ದರು, ದೊಡ್ಡಪ್ಪ ಶಾಲೆಯ ಮಗುವಿನಂತೆ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಲೇ ಇದ್ದರು. ಯಂತ್ರ ಕೆಟ್ಟಿದೆ ಎಂದುಕೊಂಡೆ.

"ಯಂತ್ರ ಸರಿ ಇದೆ ಮೇಡಂ," ಎಂದು ಡಾಕ್ಟರು ಕಾಗದದ ಮೇಲೆ ಇಳಿಜಾರಾದ ಒಂದು ಗೆರೆ ತೋರಿಸಿದರು. "ಇವರಿಗೆ ದಪ್ಪ ಸದ್ದು ಚೆನ್ನಾಗೇ ಕೇಳುತ್ತೆ. ಚೂಪು ಸದ್ದು ಕೇಳಲ್ಲ. ಹೆಂಗಸರು, ಮಕ್ಕಳ ದನಿ ಕಷ್ಟ. ಸ, ಶ, ಚ, ತ, ಕ, ಪ ಇಂಥವು ಕಿವಿಗೆ ಬರೋದೇ ಇಲ್ಲ, ಇ, ಈ ಕೂಡ ಸ್ಪಷ್ಟ ಇರಲ್ಲ. ಆರೇಳು ವರ್ಷದಿಂದ ಹೀಗೇ ಇರಬೇಕು. ಮೆಷಿನ್ ಹಾಕಿದ್ರೆ ತಕ್ಕಮಟ್ಟಿಗೆ ಕೇಳುತ್ತೆ, ಅದು ಬರೋಕೆ ವಾರ ಆಗುತ್ತೆ."

ಪರ್ಸಿನಿಂದ ಪಟ್ಟಿ ತೆಗೆದೆ. ಓದಿಕೊಳ್ಳುವುದೇ ಬೇಕಿರಲಿಲ್ಲ, ಗಡಿಪಾರಾದವೆಲ್ಲ ಅವರಿಗೆ ಕೇಳದ ಅಕ್ಷರಗಳು, ಅಂಗೈ ಅಗಲ ಬರೆದವು ಚೆನ್ನಾಗಿ ಕೇಳುವವು. ಒಂದು ವರ್ಷ ನಾನು ಹುಡುಕಿದ ಸೂತ್ರವನ್ನು ಡಾಕ್ಟರು ಒಂದು ಗೆರೆಯಲ್ಲಿ ಎಳೆದುಕೊಟ್ಟಿದ್ದರು. ಮೇಡಮ್ಮನೋರು ವ್ಯಾಕರಣದಲ್ಲಿ ಹುಡುಕುತ್ತಿದ್ದರು! ನನಗೆ ನನ್ನ ಮೇಲೇ ಸಿಟ್ಟು ಬಂತು.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅವರ ಎದುರಿಗೇ ಕೂತು, ಕಟ್ಟಿದ ಗಂಟಲಿನಲ್ಲೇ, ಬಾಯಿ ದೊಡ್ಡದಾಗಿ ತೆರೆದು ಕೇಳಿದೆ. "ಯಾಕೆ ದೊಡ್ಡಪ್ಪ ಯಾರಿಗೂ ಹೇಳ್ಲಿಲ್ಲ?"

ಅವರು ಕಾಫಿ ಲೋಟವನ್ನು ತಿರುಗಿಸುತ್ತಾ ಕೂತರು. "ಕಿವಿ ನಂಬ್ಕೊಂಡು ಊರೋರು ಅಟ್ಟ ಇಳಿಸ್ತಾರೆ. ಕಿವಿ ಹೋಯ್ತು ಅಂದ್ರೆ ಯಾರು ಕರೀತಾರಮ್ಮ? ಕಾಯಿ ಸದ್ದು ದಪ್ಪ, ಕೇಳ್ತಿತ್ತು. ಅಂಗಾಗಿ ಯಾರ್ಗೂ ಗೊತ್ತಾಗ್ಲಿಲ್ಲ."

"ಅಕ್ಷರ ಯಾಕೆ ಓಡಿಸಿದ್ರಿ?"

"ನಾನೆಲ್ಲಿ ಓಡಿಸ್ದೆ? ಅವೇ ಒಂದೊಂದಾಗಿ ಹೋದ್ವು. ಉಳಿದವನ್ನ ಒಟ್ಟು ಮಾಡ್ಕೊಂಡೆ."

"ಜೋರಾಗಿ ಮಾತಾಡಿ ಅಂದಿದ್ರೆ ಆಗ್ತಿತ್ತಲ್ಲ?"

"ಆಗ್ತಿತ್ತು. ಜೋರಾಗಿ ಮಾತಾಡ್ದಾಗ ಎಲ್ರ ಮುಖಾನೂ ಬೈದಂಗೇ ಕಾಣ್ತದೆ ಕಣಮ್ಮ. ನಿಮ್ಮ ದೊಡ್ಡಮ್ಮ ಏನ್ ಹೇಳ್ತಾವ್ಳೆ ಅಂತ ಗೊತ್ತಾಗ್ದೆ, ಬೈತಾವ್ಳೆ ಅಂತ್ಲೇ ತಿಳ್ಕಂಡು ಎದ್ದೋಗ್ತಿದ್ದೆ. ಮೆತ್ತಗೆ ಆಡಿದ್ರೂ ಕೇಳೋ ಮಾತು ನಾಕು ಬೇಕಿತ್ತು. ಅವಳ ಬಾಯಿಂದ."

ಕಾಫಿಯ ದುಡ್ಡು ಕೊಟ್ಟು ಎದ್ದೆ.

ಅವರ ಜೊತೆಗೇ ಊರಿಗೆ ಹೋದೆ. ಸಂಜೆ ಐದು ಗಂಟೆ ಇರಬೇಕು. ದೊಡ್ಡಪ್ಪ ಮನೆಯೊಳಗೆ ಕಾಲಿಡದೆ ನೆಟ್ಟಗೆ ಹಿತ್ತಲು ದಾಟಿ, ತೋಟದ ಬದುವಿನ ಮೇಲೆ ಆ ಕಡೆ ಮುಖ ಮಾಡಿ ನಿಂತರು. ದೊಡ್ಡಮ್ಮ ಹಿತ್ತಲ ಬಾಗಿಲಲ್ಲಿ ಮೊರ ಹಿಡಿದು ಹುರುಳಿಕಾಳು ಹಸನು ಮಾಡುತ್ತಿದ್ದರು. ಅವರ ಪಕ್ಕ ಕೂತು ಡಾಕ್ಟರು ಹೇಳಿದ್ದು, ಹೋಟೆಲಿನಲ್ಲಿ ದೊಡ್ಡಪ್ಪ ಹೇಳಿದ್ದು, ಯಾವುದನ್ನೂ ಬಿಡದೆ ಪಿಸುಗುಟ್ಟಿದೆ.

ಮೊರ ನಿಂತಿತು.

"ಆರೇಳು ವರ್ಷದಿಂದ ನಾನು ಗೋಡೆಗೆ ಹೇಳ್ಕೊಂಡ್ನಾ?" ಎಂದರು ದೊಡ್ಡಮ್ಮ. ಆಮೇಲೆ ಸಿಟ್ಟು ಬಂತು. "ಕೇಳಲ್ಲ ಅಂತ ಒಂದು ಮಾತು ಹೇಳಕ್ಕೆ ಏನಾಗಿತ್ತು ಈ ಮನುಷ್ಯಂಗೆ? ಬಾಯಿ ಚೆನ್ನಾಗಿತ್ತಲ್ಲ! ಬೇಕು ಅಂತ್ಲೇ ಮಾತಾಡಲ್ಲ ಅನ್ಕಂಡು ನಾನೂ ಎಷ್ಟು ದಿನ ಮುಖ ತಿರುಗ್ಸ್ಕೊಂಡು ಮಲಗಿದೀನಿ ಗೊತ್ತಾ?" ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿಕೊಂಡಿತು. ಸೆರಗಿನಲ್ಲಿ ಒರೆಸಿಕೊಂಡು, ಹುರುಳಿಯಲ್ಲಿ ಇಲ್ಲದ ಕಲ್ಲನ್ನು ಬಹಳ ಹೊತ್ತು ಆರಿಸಿದರು.

"ಏನೇ, ಅವ್ರ ಭಾಷೇಲಿ 'ಒಳಗೆ ಬನ್ನಿ' ಅನ್ನಕ್ಕೆ ಏನಂತಾರೆ?"

ನನಗೆ ತಕ್ಷಣ ಹೊಳೆಯಲಿಲ್ಲ, ನಾನು ಅಷ್ಟೇನೂ ಒಳ್ಳೆಯ ವಿದ್ಯಾರ್ಥಿಯಲ್ಲ. ಓಡಿಹೋಗಿ ಜಗಲಿಯಿಂದ ನೋಟ್‌ಬುಕ್ ತಂದು, ಆ ದೊಡ್ಡ ಚಿಕ್ಕ ಅಕ್ಷರಗಳಲ್ಲಿ ಹುಡುಕಿದೆ. "ಬೂನ ನೋಮಾ."

"ಬೂನ ನೋಮಾ. ಥೂ, ಇದೂ ಒಂದು ಮಾತಾ!" ಎಂದರು. ಎರಡು ಸಲ ಬಾಯೊಳಗೇ ಹೇಳಿಕೊಂಡರು. ಮೊರ ಕೆಳಗಿಟ್ಟು, ಸೀರೆ ಕೊಡವಿಕೊಂಡು ಎದ್ದರು.

ದೊಡ್ಡಪ್ಪನ ಬೆನ್ನಿನಿಂದ ಹತ್ತು ಹೆಜ್ಜೆ ದೂರಕ್ಕೆ ಹೋಗಿ ನಿಂತರು. ಜೀವಮಾನದಲ್ಲಿ ಕೂಗದೆ ಯಾರನ್ನೂ ಕರೆದು ಗೊತ್ತಿಲ್ಲದ ನಮ್ಮ ದೊಡ್ಡಮ್ಮ, ಮಗುವನ್ನು ಎಬ್ಬಿಸುವವರ ಹಾಗೆ ಮೆತ್ತಗೆ ಹೇಳಿದರು.

"ಬೂನ ನೋಮಾ."

ದೊಡ್ಡಪ್ಪ ತಿರುಗಿದರು. ಮೊದಲು ನನ್ನ ಕಡೆ ನೋಡಿದರು, ಆಮೇಲೆ ಅವರ ಕಡೆ. ಹೇಳಿದ್ದು ದೊಡ್ಡಮ್ಮನೇ ಎಂದು ಅವರಿಗೆ ನಂಬಿಕೆಯಾಗಲಿಲ್ಲ. ಗಡಿಪಾರಾದ ಅಕ್ಷರ, ಉಳಿದ ಅಕ್ಷರ ಎಲ್ಲಾ ಮರೆತು, ಅಪ್ಪಟ ಕನ್ನಡದಲ್ಲಿ ಕೇಳಿದರು.

"ಇನ್ನೊಂದ್ಸಲ ಅನ್ನೇ."

"ಅನ್ನಲ್ಲ, ಹೋಗ್ರಿ" ಎಂದರು ದೊಡ್ಡಮ್ಮ. ಅದು ದೊಡ್ಡಪ್ಪನಿಗೆ ಕೇಳಿಸಿರಲಾರದು. ಅವರು ಹೆಂಡತಿಯ ಬಾಯನ್ನೇ ನೋಡುತ್ತಾ ಬದುವಿನ ಮೇಲೆ ಕಾಯುತ್ತಾ ನಿಂತಿದ್ದರು. ದೊಡ್ಡಮ್ಮ ಇನ್ನೂ ಎರಡು ಹೆಜ್ಜೆ ಹತ್ತಿರ ಹೋಗಿ, ಇನ್ನೊಂದು ಸಲ ಹೇಳಿದರು.